ದೇವರಿಗೆ ಕನ್ನಡ ಬರುತ್ತಾ ಅಜ್ಜಿ?

ಎಲ್ಲರಿಗೂ ನಮಸ್ಕಾರ.

ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಲದ ಸಂಪಾದಕೀಯ ಬೆಂಗಳೂರಿನಿಂದ ಬರುತ್ತಿದೆ, ವಿಲ್ಸನ್ ಗಾರ್ಡನ್ನಿನ ನಮ್ಮಮ್ಮನ ಮನೆಯ ಊಟದ ಮೇಜಿನಿಂದ. ಅಮ್ಮನ ಮೊಣಕಾಲಿನ ಆಪರೇಷನ್‌ಗೆಂದು ಸೆಪ್ಟೆಂಬರ್ ಕೊನೆಗೆ ಅಮೆರಿಕದಿಂದ ಮಗಳನ್ನು ಕರೆದುಕೊಂಡು ಬಂದವಳು ಇನ್ನೂ ಇಲ್ಲೇ ಇದ್ದೇನೆ. ಪುಟ ಜೋಡಿಸುವವರು ಮೂರು ಸಲ ಮೆಸೇಜ್ ಹಾಕಿದ್ದಾರೆ. ರಾಜ್ಯೋತ್ಸವ ಸಂಚಿಕೆಯ ಉಳಿದ ಪುಟಗಳೆಲ್ಲ ಸಿದ್ಧ, ಮೊದಲನೆಯದು ಮಾತ್ರ ಖಾಲಿ. ರಾತ್ರಿ ಹನ್ನೊಂದೂವರೆ ಆಗಿದೆ. ಮಳೆ ಹಿಡಿದುಕೊಂಡಿದೆ, ಕರೆಂಟು ಎರಡು ಸಲ ಹೋಗಿ ಬಂತು. ರಾಜ್ಯೋತ್ಸವದ ಮೇಲೆ ಬರೆಯೋಣ ಅಂತಲೇ ಕೂತೆ. ಆದರೆ ಭಾನುವಾರದಿಂದ ಮನಸ್ಸಿನಲ್ಲಿ ಬೇರೆ ಮಾತೊಂದು ಕೂತಿದೆ, ಅದನ್ನು ಬರೆಯದೆ ಇನ್ನೊಂದನ್ನು ಬರೆಯಲು ಆಗುತ್ತಿಲ್ಲ.

ಭಾನುವಾರ ಚರ್ಚಿನಿಂದ ಬಂದು ಊಟಕ್ಕೆ ಕೂತಿದ್ದೆವು. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುವುದು ಮಗಳ ಕೆಲಸ. ಅವಳಿಗೆ ಐದು ವರ್ಷ. ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ ಶುರು ಮಾಡಿದಳು. ಅಮ್ಮ, "ಇವತ್ತು ಕನ್ನಡದಲ್ಲಿ ಮಾಡಮ್ಮ ಪುಟ್ಟಿ" ಅಂದರು. ಮಗಳು ಒಂದು ಕಣ್ಣು ತೆರೆದು ಕೇಳಿದಳು: "ದೇವರಿಗೆ ಕನ್ನಡ ಬರುತ್ತಾ ಅಜ್ಜಿ?"

ಅವಳು ತಮಾಷೆಗೆ ಕೇಳಿದ್ದಲ್ಲ. ಅವಳಿಗೆ ಕನ್ನಡ ಬರುತ್ತದೆ, ನಮ್ಮ ಮನೆಯಲ್ಲಿ ಆಡುವುದು ಕನ್ನಡವೇ. ಹಾಲು ಕುಡಿ, ತಲೆ ಬಾಚ್ಕೋ, ಚಪ್ಪಲಿ ಒಳಗೆ ತರಬೇಡ, ಎಲ್ಲ ಕನ್ನಡ. ಆದರೆ ಅಲ್ಲಿನ ಚರ್ಚು ಇಂಗ್ಲಿಷು, ಹಾಡು ಇಂಗ್ಲಿಷು, ನಾನು ಮಲಗಿಸುವಾಗ ಓದುವ ಬೈಬಲ್ ಕಥೆಗಳೂ ಇಂಗ್ಲಿಷು. ನನ್ನ ಬಾಯಿಂದ ದೇವರ ಮಾತು ಕನ್ನಡದಲ್ಲಿ ಬಂದದ್ದನ್ನು ಅವಳು ಕೇಳಿಯೇ ಇರಲಿಲ್ಲ. ಅಮ್ಮ ಆಗ ಏನೂ ಹೇಳಲಿಲ್ಲ, ಮಗುವಿನ ತಲೆ ಮೇಲೆ ಕೈಯಿಟ್ಟು ತಾವೇ ಪ್ರಾರ್ಥನೆ ಮಾಡಿದರು. ರಾತ್ರಿ ಮಾತ್ರೆ ಕೊಡಲು ಹೋದಾಗ ನಿಧಾನವಾಗಿ ಕೇಳಿದರು: "ಮಗೂಗೆ ನೀನು ಹೇಳಿಕೊಟ್ಟಿಲ್ವೇನೇ?"

ನಾವು ಮಗಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಬೇಸಿಗೆಯ ಪಿಕ್ನಿಕ್ಕಿನಲ್ಲಿ ಯಾಕೆ ಹೀಗೆ ಅಂತ ಪ್ರೀತಿಯಿಂದಲೇ ಕೇಳಿದಿರಿ. ಅಮೆರಿಕದ 50 ರಾಜ್ಯಗಳಲ್ಲೂ ಮನೆಪಾಠಕ್ಕೆ ಕಾನೂನಿನ ಒಪ್ಪಿಗೆ ಇದೆ, ನಿಯಮಗಳು ಮಾತ್ರ ಒಂದೊಂದು ಕಡೆ ಒಂದೊಂದು ಥರ. ನಮಗೆ ಕಾರಣ ಸರಳ. ಬೈಬಲಿನ ಧರ್ಮೋಪದೇಶಕಾಂಡದ ಆರನೇ ಅಧ್ಯಾಯದಲ್ಲಿ ದೇವರ ಮಾತನ್ನು ಮಕ್ಕಳಿಗೆ ಮನೆಯಲ್ಲಿ ಕೂತಾಗಲೂ ದಾರಿ ನಡೆಯುವಾಗಲೂ, ಮಲಗುವಾಗಲೂ ಏಳುವಾಗಲೂ ಹೇಳಿಕೊಡಬೇಕು ಎಂದಿದೆ. ನಾನೂ ನನ್ನ ಗಂಡನೂ ಅದನ್ನು ಇದ್ದ ಹಾಗೇ ತೆಗೆದುಕೊಂಡೆವು. ಆದರೆ ದಾರಿ ನಡೆಯುವಾಗ ನಾವು ಆಡುವ ಮಾತು ಯಾವುದು, ಪಾಠದಲ್ಲಿ ಆಡುವ ಮಾತು ಯಾವುದು ಅಂತ ಯೋಚಿಸಿಯೇ ಇರಲಿಲ್ಲ.

ಅಲ್ಲಿಂದ ಹೊತ್ತು ತಂದ ಪಾಠದ ಪುಸ್ತಕದಲ್ಲಿ ಈ ವಾರ ಬೈಬಲಿನ 23ನೇ ಕೀರ್ತನೆ, ದೇವರನ್ನು ಕುರುಬ ಅನ್ನುವ ಹಾಡು. ಹಸಿರು ಗುಡ್ಡ, ಬಿಳೀ ಕುರಿ, ಅದರ ಮೇಲೆ ಹತ್ತಿಯ ಉಂಡೆ ಅಂಟಿಸಬೇಕು. ಭಾನುವಾರ ರಾತ್ರಿಯೇ ಅದನ್ನು ಸೂಟ್‌ಕೇಸಿಗೆ ವಾಪಸ್ಸು ಹಾಕಿ, ಅಮ್ಮನ ಹಳೇ ಡೈರಿಯ ಹಾಳೆಯಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಗೆರೆ ಎಳೆದು ಕೂತೆ. ಪಾಠವೆಲ್ಲ ಕನ್ನಡದಲ್ಲಿ, ಸಾಮಾನೆಲ್ಲ ಈ ಮನೆಯದೇ. ಒಂದು ಪಾಠ ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಇಂಗ್ಲೆಂಡಿನ ಶಿಕ್ಷಕಿ ಶಾರ್ಲೆಟ್ ಮೇಸನ್ (1842–1923) ಮನೆಪಾಠದವರಿಗೆಲ್ಲ ಗುರುವಿದ್ದ ಹಾಗೆ. ಆರು ತುಂಬುವವರೆಗೆ ಮಗುವನ್ನು ಮೇಜಿಗೆ ಕಟ್ಟಬೇಡಿ, ಹೊರಗೆ ಬಿಡಿ, ಕಲಿಸುವುದನ್ನು ಚಿಕ್ಕದಾಗಿ ಕಲಿಸಿ ಎಂದವರು ಆಕೆ. ಐದು ವರ್ಷದ ಮಗುವನ್ನು ಕೂರಿಸಿ ನೋಡಿದವರಿಗೆ ಅದು ಎಷ್ಟು ನಿಜ ಅಂತ ಗೊತ್ತು.

ಸೋಮವಾರ ಬೆಳಿಗ್ಗೆ ಸತ್ಯವೇದ, ಅಂದರೆ ಕನ್ನಡ ಬೈಬಲ್, ತೆಗೆದು ಓದಿದೆ. "ಯೆಹೋವನು ನನಗೆ ಕುರುಬನು." ಮಗಳು ಕೇಳಿದಳು, "ಕುರುಬ ಅಂದ್ರೆ ಯಾರು?" ಕುರಿ ಕಾಯುವವರು ಅಂದೆ. ಅವಳ ಕಣ್ಣಿಗೆ ಬಂದದ್ದು ಆ ಹಸಿರು ಗುಡ್ಡವೇ ಇರಬೇಕು. ನನ್ನ ಕಣ್ಣಿಗೆ ಬಂದದ್ದು ಹೊಸಕೋಟೆ ಕಡೆಯ ಒಂದು ರಾಗಿ ಹೊಲ.

ನಮ್ಮ ತಾತ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ರಿಟೈರಾದ ಮೇಲೆ ಊರಿನ ಎರಡೆಕರೆ ನೋಡಿಕೊಂಡಿದ್ದರು. ನನಗಾಗ ಆರೋ ಏಳೋ. ಸಂಕ್ರಾಂತಿ ಆಸುಪಾಸು, ರಾಗಿ ಕೊಯ್ದು ಹೊಲ ಖಾಲಿಯಾದ ಮೇಲೆ ಗೊಬ್ಬರಕ್ಕೆಂದು ಕುರಿ ಮಂದೆ ಹಾಕಿಸುತ್ತಿದ್ದರು. ಕುರುಬರು ಊರಿಂದೂರಿಗೆ ಮಂದೆ ಹೊಡೆದುಕೊಂಡು ಬರುವರು. ಒಂದು ಹೊಲದಲ್ಲಿ ಎರಡು ಮೂರು ರಾತ್ರಿ ಕುರಿ ತಂಗಿದರೆ ಆ ಹಿಕ್ಕೆ, ಆ ಗಂಜಲ ಮುಂದಿನ ಬೆಳೆಗೆ ಸಾಕು. ಹೊಲದವರು ಅವರಿಗೆ ರಾಗಿ ಕೊಡಬೇಕು, ರಾತ್ರಿ ಊಟ ಹಾಕಬೇಕು. ಆ ವರ್ಷ ಬಂದ ಮಂದೆಯಲ್ಲಿ ಇನ್ನೂರಕ್ಕೂ ಮೇಲೆ ಕುರಿ ಇದ್ದವು. ಒಂದೂ ಬಿಳಿಯದಲ್ಲ. ಕರಿಯವು, ಕಂದು, ಒಂದೆರಡು ಕೆಂಚು. ಹೊತ್ತು ಮುಳುಗುವಾಗ ಮುಳ್ಳಿನ ರೊಪ್ಪದ ಸಂದಿಯಲ್ಲಿ ಕುರುಬರಲ್ಲಿ ಹಿರಿಯರೊಬ್ಬರು ನಿಂತು, ಒಳಗೆ ಹೋಗುವ ಒಂದೊಂದು ಕುರಿಯ ಬೆನ್ನಿನ ಮೇಲೂ ಕೈ ಸವರಿ ಎಣಿಸಿದರು. ಕೊನೆಯದು ಹೋದ ಮೇಲೆ ಸುಮ್ಮನೆ ನಿಂತರು. ಒಂದು ಕಮ್ಮಿ.

ಜಗಲಿಯ ಮೇಲೆ ಎಲ್ಲರಿಗೂ ಮುದ್ದೆ ಬಡಿಸಿತ್ತು. ಅವರು ಕೂರಲಿಲ್ಲ. ಲಾಟೀನು ತೆಗೆದುಕೊಂಡು, ಕಂಬಳಿ ಕೊಪ್ಪೆ ಹಾಕಿಕೊಂಡು, ಬಂದ ದಾರಿಯಲ್ಲೇ ಹೋದರು. ನಾನು ನಿದ್ದೆ ತಡೆದುಕೊಂಡು ತಾತನ ಪಕ್ಕ ಕೂತೇ ಇದ್ದೆ. ಎಷ್ಟು ಹೊತ್ತಾಯಿತೋ, ಬದುವಿನ ಮೇಲೆ ಲಾಟೀನು ಅಲ್ಲಾಡುತ್ತ ಬಂತು. ಹಿಂದೆ ಒಂದು ಕರೀ ಕುರಿ. ಅವರು ಕಂಬಳಿಯ ಮಡಿಕೆ ಬಿಡಿಸಿದರೆ ಒಳಗೆ ಇನ್ನೂ ಒದ್ದೆ ಆರದ ಮರಿ. ಬೇಲಿ ಸಂದಿಯಲ್ಲಿ ಈದು ನಿಂತುಬಿಟ್ಟಿತ್ತಂತೆ. ಒಂದು ಕಮ್ಮಿ ಎಂದು ಹುಡುಕಿಕೊಂಡು ಹೋದವರು ಎರಡು ತಂದಿದ್ದರು. ನನ್ನ ಕೈಗೆ ಮರಿ ಕೊಟ್ಟರು. ಆ ಕಂಬಳಿಯ ವಾಸನೆ, ಅದರ ಚುಚ್ಚು, ಮರಿಯ ಎದೆ ಡಬಡಬ ಬಡಿದುಕೊಳ್ಳುತ್ತಿದ್ದದ್ದು, ಈ ರಾತ್ರಿಯೂ ಕೈಯಲ್ಲಿದೆ. ಆಮೇಲೆ ಅವರು ಆರಿದ ಮುದ್ದೆ ಉಂಡು, ರೊಪ್ಪದ ಬಾಗಿಲಿಗೆ ಅಡ್ಡಲಾಗಿ ಕಂಬಳಿ ಹಾಸಿ ಮಲಗಿದರು. ಆ ರೊಪ್ಪಕ್ಕೆ ಬೇರೆ ಬಾಗಿಲಿರಲಿಲ್ಲ, ಅವರೇ ಬಾಗಿಲು. ತಾತ ಹಾಸಿಗೆ ಮೇಲೆ ಕಣ್ಣು ಮುಚ್ಚಿಕೊಂಡು ಇಷ್ಟೇ ಹೇಳಿದರು: "ಯೆಹೋವನು ನನಗೆ ಕುರುಬನು, ಕೊರತೆಪಡೆನು."

ಯೋಹಾನನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಯೇಸು ಕುರಿಗಳಿಗೆ ಬಾಗಿಲು ನಾನೇ ಅನ್ನುವುದು ನನಗೆ ಯಾವತ್ತೂ ಕಷ್ಟದ ಮಾತು ಅನ್ನಿಸಿಲ್ಲ. ಕಣ್ಣಾರೆ ಕಂಡಿದ್ದೆ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಹದಿನೈದು ನಿಮಿಷದ ಪಾಠ ಮುಕ್ಕಾಲು ಗಂಟೆಯಾಯಿತು, ಒಂದು ಸಲವೂ ಏಳಲಿಲ್ಲ. ಅಮ್ಮ ಟ್ರಂಕು ತೆಗೆಸಿ ತಾತನ ಕಂಬಳಿ ಕೊಟ್ಟರು. ಮಗಳು ಅದನ್ನು ಮೂಸಿ, ಕೆನ್ನೆಗೆ ಒತ್ತಿ, "ಚುಚ್ಚುತ್ತೆ" ಅಂದಳು. ಅದರ ಅಂಚಿನ ಎಳೆಗಳನ್ನೇ ಕಿತ್ತು ಹಾಳೆಗೆ ಅಂಟಿಸಿದೆವು. ಅವಳ ಕುರಿ ಈಗ ಕರೀ ಕುರಿ. "ಕೊರತೆಪಡೆನು" ಅನ್ನುವುದನ್ನು ಹೇಳಲು ನಾಲಿಗೆ ಹೊರಳಲಿಲ್ಲ. ಅಮ್ಮ ಬಿಡಿಸಿ ಹೇಳಿದರು: "ನಂಗೇನೂ ಕಮ್ಮಿ ಆಗಲ್ಲ ಅಂತ."

ಅವತ್ತೇ ಒಗ್ಗರಣೆ ಡಬ್ಬಿಯಿಂದ ಹತ್ತು ಸಾಸಿವೆ ಕಾಳು ಎಣಿಸಿ, ತೆಂಗಿನ ಚಿಪ್ಪಿಗೆ ಮಣ್ಣು ತುಂಬಿ ಬಿತ್ತಿದ್ದೇವೆ. ಮತ್ತಾಯನ ಸುವಾರ್ತೆಯ ಹದಿಮೂರನೇ ಅಧ್ಯಾಯದಲ್ಲಿ ಯೇಸು ಹೇಳುವ ಸಾಸಿವೆ ಕಾಳಿನ ಸಾಮ್ಯ, ಅಂದರೆ ಹೋಲಿಕೆಯ ಕಥೆ, ಶುಕ್ರವಾರಕ್ಕೆ. ಸಾಸಿವೆ ಮೂರು ನಾಲ್ಕು ದಿನಕ್ಕೆ ಮೊಳೆಯುತ್ತದೆ, ಅದಕ್ಕೇ ಸೋಮವಾರ ಬಿತ್ತಬೇಕು. ಅಲ್ಲಿ ಚಳಿಗೆ ಇನ್ನೂ ಒಂದೆರಡು ದಿನ ಬೇಕಾದೀತು, ಮಾಡುವವರು ಲೆಕ್ಕ ಹಾಕಿಕೊಳ್ಳಿ.

ಮಂಗಳವಾರ ನೋಹನ ನಾವೆ. ಮುನ್ನೂರು ಮೊಳ ಉದ್ದ, ಐವತ್ತು ಮೊಳ ಅಗಲ, ಮೂವತ್ತು ಮೊಳ ಎತ್ತರ. ಗೇಟಿಗೆ ಬರುವ ಹೂವಿನಮ್ಮ ಮೊಣಕೈಯಿಂದ ಬೆರಳ ತುದಿಗೆ ಮಲ್ಲಿಗೆ ಅಳೆದು ಕೊಡುವುದನ್ನು ಮಗಳು ದಿನಾ ನೋಡುತ್ತಾಳೆ. ಅದೇ ಮೊಳ ಅಂದೆ. ಇಂಗ್ಲಿಷ್ ಪುಸ್ತಕದಲ್ಲಿ ಆ ಅಳತೆಯ ಹೆಸರು ಬಂದಾಗ ಅವಳಿಗೆ ಏನೂ ಹೊಳೆದಿರಲಿಲ್ಲ. ಈಗ ತಕ್ಷಣ ತನ್ನ ಕೈ ಚಾಚಿದಳು. ಬಟ್ಟೆ ಹಗ್ಗವನ್ನು ನನ್ನ ಕೈಯಲ್ಲಿ ಹತ್ತು ಮೊಳ ಅಳೆದು, ಗೇಟಿನಿಂದ ರಸ್ತೆಯುದ್ದಕ್ಕೂ ಮೂವತ್ತು ಸಲ ಹಾಸಿದೆವು. ಮೊಳಕ್ಕೆ ಒಂದೂವರೆ ಅಡಿ ಅಂದರೆ 450 ಅಡಿ, ತಿರುವಿನ ಇಸ್ತ್ರಿ ಗಾಡಿ ದಾಟಿತು. ಇಸ್ತ್ರಿಯವರು, "ಏನಮ್ಮ, ಮೋರಿ ಮಾಡಿಸ್ತಾರಾ?" ಅಂತ ಕೇಳಿದರು. ಮಗಳು, "ಇಲ್ಲಾ ಅಂಕಲ್, ಇದು ನೋಹನ ನಾವೆ" ಅಂದಳು. ಅವರು ಕೆಂಡದ ಪೆಟ್ಟಿಗೆ ಬದಿಗಿಟ್ಟು ಇಡೀ ಕಥೆ ಕೇಳಿದರು. ಹೇಳಿದ್ದು ಅವಳೇ, ಕನ್ನಡದಲ್ಲಿ.

ಇವತ್ತು ಯೇಸು ಐದು ರೊಟ್ಟಿ, ಎರಡು ಮೀನಿನಲ್ಲಿ ಜನರಿಗೆಲ್ಲ ಊಟ ಹಾಕಿದ ಕಥೆ. ಅಮ್ಮ ಕುರ್ಚಿಯ ಮೇಲೆ ಕೂತೇ ಅಕ್ಕಿ ರೊಟ್ಟಿ ತಟ್ಟಿದರು, ಸರಿಯಾಗಿ ಐದು. ಕಥೆ ಹೇಳಿದ್ದೂ ಅವರೇ. ಐದು ಸಾವಿರ ಗಂಡಸರು, ಹೆಂಗಸರು ಮಕ್ಕಳು ಬೇರೆ, ಎಲ್ಲರೂ ತಿಂದು ತೃಪ್ತರಾದ ಮೇಲೆ ಹನ್ನೆರಡು ಪುಟ್ಟಿ ಉಳಿಯಿತು ಅಂದಾಗ ಮಗಳು ನಿಲ್ಲಿಸಿದಳು. "ಹನ್ನೆರಡು ಪುಟ್ಟೀರಾ? ಅವರಿಗೆ ಊಟ ಸಿಗಲಿಲ್ವಾ?" ಈ ಮನೆಯಲ್ಲಿ ಪುಟ್ಟಿ ಎಂದರೆ ಅವಳೇ. ಅಮ್ಮ ನಕ್ಕು ನಕ್ಕು, ಅಡುಗೆಮನೆಯ ಮೂಲೆಯ ಬಿದಿರಿನ ಪುಟ್ಟಿ ತರಿಸಿ ತೋರಿಸಿದರು. ಅವರು ಹಾಗೆ ನಕ್ಕದ್ದನ್ನು ಆಪರೇಷನ್ ಆದಮೇಲೆ ನಾನು ನೋಡಿದ್ದು ಇದೇ ಮೊದಲು.

ನಾಳೆ ಮೇಯೋ ಹಾಲ್ ಹತ್ತಿರದ ಕಿಟೆಲ್ ಪ್ರತಿಮೆ ನೋಡಲು ಹೋಗುತ್ತೇವೆ. ಜರ್ಮನಿಯಿಂದ 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದ ಫರ್ಡಿನೆಂಡ್ ಕಿಟೆಲ್ ಕನ್ನಡ ಕಲಿತು, ದಶಕಗಟ್ಟಲೆ ಪದ ಕೂಡಿಸಿ, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದರು. ಮಗಳ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರಗಳಲ್ಲಿ ಅದೊಂದು. ಅದೇ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಶುರು ಮಾಡಿದರು. ಹದಿನೈದು ದಿನಕ್ಕೊಮ್ಮೆ, ಕಲ್ಲಚ್ಚಿನಲ್ಲಿ. ಕನ್ನಡದ ಮೊದಲ ಪತ್ರಿಕೆ ಅದು, ನಮ್ಮ ಎಂಟು ಪುಟಗಳಿಗೂ ಮೂಲ ಅಲ್ಲಿದೆ. ಭಾನುವಾರ ಹಡ್ಸನ್ ಸರ್ಕಲ್ಲಿನ ಚರ್ಚಿಗೆ. 1904ರ ಕಲ್ಲು ಕಟ್ಟಡ ಅದು, ನನ್ನ ಸಂಡೇ ಸ್ಕೂಲ್ ನಡೆದದ್ದೂ ಅಲ್ಲೇ.

ನಮ್ಮ ಸಂಘದಲ್ಲಿ ಕ್ರೈಸ್ತ ಕುಟುಂಬಗಳು ಬೆರಳೆಣಿಕೆಯಷ್ಟು. ಇದು ನಮ್ಮ ಮನೆಯ ಮಾತು ಮಾತ್ರ ಆಗಿದ್ದರೆ ನಿಮ್ಮ ಮುಂದೆ ಇಡುತ್ತಿರಲಿಲ್ಲ. ರಾಮನ ಕಥೆಯನ್ನೋ ವಚನವನ್ನೋ ಮಗುವಿಗೆ ಇಂಗ್ಲಿಷಿನಲ್ಲಿ ಹೇಳಿಕೊಡುತ್ತಿರುವ ಮನೆಗಳು ನಮ್ಮಲ್ಲಿ ಎಷ್ಟಿವೆ, ನೀವೇ ಹೇಳಿ. ಊಟ, ಬಟ್ಟೆ, ಬೈಗುಳಕ್ಕೆ ಮಾತ್ರ ಕನ್ನಡ ಉಳಿಸಿಕೊಂಡು, ಮನಸ್ಸಿಗೆ ಹತ್ತಿರದ್ದನ್ನೆಲ್ಲ ಇನ್ನೊಂದು ಭಾಷೆಗೆ ಬಿಟ್ಟುಕೊಟ್ಟಿದ್ದೇವೆ. ನನಗೆ ಇದು ನಿಜಕ್ಕೂ ನೋವಾಗಿದೆ.

ಪ್ರಕಟಣೆಗಳು, ಬೇಗ ಬೇಗ: ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ ಮಧ್ಯಾಹ್ನ 2ಕ್ಕೆ, ಹೋದ ವರ್ಷದ ಸಭಾಂಗಣದಲ್ಲೇ. ಬಿಸಿಬೇಳೆಬಾತ್ ಸಂಘದ್ದು, ಸಿಹಿ ಮತ್ತು ಕೋಸಂಬರಿ ನಿಮ್ಮದು. ನಾಡಗೀತೆಯ ಅಭ್ಯಾಸಕ್ಕೆ ಮಕ್ಕಳನ್ನು ಒಂದು ಗಂಟೆ ಮುಂಚೆ ಕರೆತನ್ನಿ. ಕನಕ ಜಯಂತಿಯ ಕೀರ್ತನೆ ಕಾರ್ಯಕ್ರಮದ ದಿನ ಇಮೇಲಿನಲ್ಲಿ ತಿಳಿಸುತ್ತೇವೆ. ಸದಸ್ಯತ್ವದ ಹಣ ಬಾಕಿ ಇರುವವರು ದಯವಿಟ್ಟು ಖಜಾಂಚಿಗಳಿಗೆ ಫೋನ್ ಮಾಡಿ, ಅವರಾಗಿ ಕೇಳುವ ಹಾಗಾಗದಿರಲಿ.

ಇನ್ನೊಂದು ಮಾತು, ಇದು ಬೇಡಿಕೊಳ್ಳುವ ಮಾತು. ಶನಿವಾರದ ಕನ್ನಡ ತರಗತಿಗೆ ಇಪ್ಪತ್ತಮೂರು ಮಕ್ಕಳು, ಕಲಿಸುವವರು ಇಬ್ಬರೇ. ನಾನು ಜನವರಿಗೆ ಮುಂಚೆ ಬರಲಾರೆ, ಅಮ್ಮ ಇನ್ನೂ ವಾಕರ್ ಹಿಡಿದೇ ಓಡಾಡುತ್ತಿದ್ದಾರೆ. ಅಕ್ಷರ ತಿದ್ದಿಸಲು ಬರದಿದ್ದರೂ ಪರವಾಗಿಲ್ಲ. ನಿಮ್ಮ ತಾತ ಅಜ್ಜಿ ಹೇಳಿದ ಒಂದು ಕಥೆ ಇದ್ದರೆ ಸಾಕು, ಬಂದು ಅರ್ಧ ಗಂಟೆ ಹೇಳಿ ಹೋಗಿ. ಡಿಸೆಂಬರ್ ಸಂಚಿಕೆಯ ಕರಡು ತಿದ್ದಲೂ ಒಬ್ಬರು ಬೇಕು. ಮೂರು ವರ್ಷದಿಂದ ಒಬ್ಬಳೇ ಮಾಡುತ್ತಿದ್ದೇನೆ, ಈ ಸಲ ಕೈ ಸಾಲುತ್ತಿಲ್ಲ.

ಬರುವಾಗ ಎರಡು ಕಂಬಳಿ ತರುತ್ತೇನೆ, ಒಂದು ತರಗತಿಗೆ. ಮಕ್ಕಳು ಮುಟ್ಟಿ ನೋಡಲಿ. ಚುಚ್ಚುತ್ತೆ ಅಂತ ಅವರವರ ಅಮ್ಮಂದಿರಿಗೆ ಮುಂಚೆಯೇ ಹೇಳಿರಿ.