ಮಹದೇವಪೇಟೆಯ ನಮ್ಮವರಿಗೆಲ್ಲ

ನಮ್ಮ ಮನೆ ಮತ್ತೆ ಎದ್ದು ನಿಂತಿದೆ. ಮೊನ್ನೆ ಹಾಲೂ ಉಕ್ಕಿಸಿದೆವು. ಊಟಕ್ಕೆ ಬಂದವರಿಗೆ ಅವತ್ತೇ ಥ್ಯಾಂಕ್ಸ್ ಹೇಳಬೇಕೆಂದಿದ್ದೆ, ಬಡಿಸುವ ಗಡಿಬಿಡಿಯಲ್ಲಿ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಡಿಕೇರಿಯ ಹಳೇ ಪೇಟೆಬೀದಿಯಲ್ಲಿ ನಮ್ಮದು ಅಜ್ಜನ ಕಾಲದ ಹೆಂಚಿನ ಮನೆ. ಮುಂದೆ ಅಂಗಡಿ, ಹಿಂದೆ ವಾಸ. ಈ ಸಲದ ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಮಳೆಗೆ ಅಡುಗೆಮನೆಯ ಮಣ್ಣಿನ ಗೋಡೆ ನೆನೆದು ಕುಸಿಯಿತು. ರಾತ್ರಿ, ಕರೆಂಟ್ ಬೇರೆ ಇಲ್ಲ. 2018ರ ಆಗಸ್ಟಿನ ಭೂಕುಸಿತ ನೋಡಿದವರಿಗೆ ಮಣ್ಣು ಜಾರುವ ಸದ್ದು ಎಂಥದ್ದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಾನು ಟಾರ್ಚ್ ಹುಡುಕುವಷ್ಟರಲ್ಲಿ ಎದುರುಮನೆ ಅಣ್ಣ ಪಂಚೆ ಎತ್ತಿಕಟ್ಟಿ ಬಾಗಿಲಲ್ಲಿದ್ದರು. "ಮೊದಲು ಅಮ್ಮನನ್ನು ಕರ್ಕೊಂಡು ನಮ್ಮನೆಗೆ ನಡಿ. ಪಾತ್ರೆಪಗಡ ಆಮೇಲೆ ನೋಡುವ."

ಬೆಳಗಾಗುವಾಗ ಹುಡುಗರು ಕಾಫಿ ಒಣಗಿಸುವ ಟಾರ್ಪಾಲು ತಂದು ಕಟ್ಟಿಯಾಗಿತ್ತು. ಶುಕ್ರವಾರ ಸಂತೆ, ನಾಲ್ಕು ಕಾಸು ಹುಟ್ಟುವ ದಿನ. ನನ್ನ ಕೊಡೆ, ರೈನ್‌ಕೋಟುಗಳಿಗೆ ಪಕ್ಕದ ಅಂಗಡಿಯ ಕಾಕ ಅವರ ಜಗಲಿಯಲ್ಲೇ ಜಾಗ ಮಾಡಿಕೊಟ್ಟರು. ಅವರದ್ದೂ ಕೊಡೆ ವ್ಯಾಪಾರವೇ! ಗಿರಾಕಿ ಬಂದರೆ "ಅದನ್ನೂ ನೋಡಿ" ಅಂತ ನನ್ನ ಕಡೆ ಕೈ ತೋರಿಸುತ್ತಿದ್ದರು. ನಮ್ಮಲ್ಲಿ ಮದ್ದುಸೊಪ್ಪು ತಿನ್ನುವ ದಿನವಾದ ಕಕ್ಕಡ 18ರಂದು, ಅಂದರೆ ಆಗಸ್ಟ್ 3ಕ್ಕೆ, ಮೇಲ್ಮನೆ ಅಕ್ಕ ಮದ್ದುಸೊಪ್ಪಿನ ಪಾಯಸ ತಂದುಕೊಟ್ಟರು. ಕಡುನೇರಳೆ ಬಣ್ಣದ ಆ ಪಾಯಸವನ್ನು ಅಮ್ಮ ಎರಡು ಸಲ ಹಾಕಿಸಿಕೊಂಡು ತಿಂದರು. ಗೋಡೆ ಬಿದ್ದ ಮೇಲೆ ಅವರು ಸರಿಯಾಗಿ ಉಂಡಿದ್ದು ಅವತ್ತೇ.

ಮೇಸ್ತ್ರಿಗೆ ಬೇರೆಯೇ ಥ್ಯಾಂಕ್ಸ್. ಉಳಿದ ಮಣ್ಣಿನ ಗೋಡೆಗೂ ಸಿಮೆಂಟ್ ಬಳಿದುಬಿಡಿ ಅಂತ ನೆಂಟರೆಲ್ಲ ಹೇಳುತ್ತಿದ್ದರು. ಸಿಮೆಂಟ್ ಬಳಿದರೆ ತೇವ ಹೊರಗೆ ಹೋಗದೆ ಗೋಡೆಯೊಳಗೇ ನಿಲ್ಲುತ್ತದೆ ಅಂತ ಮೇಸ್ತ್ರಿ ಹಟ ಹಿಡಿದು ಸುಣ್ಣದ ಗಾರೆಯನ್ನೇ ಮಾಡಿದರು. ಇದೇ ನೆಂಟರು ಪೇಟೆ ಬಿಟ್ಟು ಲೇಔಟಿಗೆ ಹೋಗಿ ಅಂತಲೂ ಹೇಳುತ್ತಾರೆ. ಇಲ್ಲಿ ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ, ಗದ್ದಲವೂ ಜಾಸ್ತಿ, ಒಪ್ಪುತ್ತೇನೆ. ಆದರೆ ರಾತ್ರಿ ಗೋಡೆ ಬಿದ್ದರೆ ಲೇಔಟಿನಲ್ಲಿ ಯಾರು ಪಂಚೆ ಎತ್ತಿಕಟ್ಟುತ್ತಾರೆ?

ದಸರೆಗೆ ಮೊದಲು ಕೆಲಸ ಮುಗಿಯಲೇಬೇಕು ಅಂತ ಬೀದಿಯವರದ್ದೇ ಒತ್ತಾಯ. ಪಂಪಿನಕೆರೆಯಿಂದ ಹೊರಟ ಕರಗಗಳು ಪೂಜೆಗೆ ಬರುವಾಗ ಒಂದು ಮನೆ ಮಾತ್ರ ಟಾರ್ಪಾಲು ಹೊದ್ದುಕೊಂಡಿದ್ದರೆ ಚೆನ್ನಾಗಿರಲ್ಲ, ಅಲ್ವಾ? ಬಣ್ಣದ ವಿಷಯಕ್ಕಂತೂ ದೊಡ್ಡ ಪಂಚಾಯ್ತಿಯೇ ಆಯಿತು. ಈ ಬೀದಿಯಲ್ಲಿ ಹಸಿರು, ಹಳದಿ, ನೀಲಿ, ಗುಲಾಬಿ ಎಲ್ಲ ಇದೆ. ಯಾವುದು ಹೇಳಿದರೂ ಒಬ್ಬರು "ಅದು ನಮ್ಮದು" ಅನ್ನುತ್ತಿದ್ದರು. ಕೊನೆಗೆ ಅಕ್ಕನ ಮಗಳು "ಪಾಯಸದ ಬಣ್ಣ ಹೊಡೀರಿ" ಅಂದಳು. ಬಾಗಿಲಿಗೆ ಅದನ್ನೇ ಹೊಡೆಸಿದ್ದೇವೆ. ಚೆಂದವಾಗಿದೆ ಅಂತ ಎಲ್ಲರೂ ಹೇಳುತ್ತಿಲ್ಲ, ಇರಲಿ.

ಅಂದಹಾಗೆ, ಆ ಟಾರ್ಪಾಲು ಯಾರದ್ದು? ತೊಳೆದು ಮಡಚಿಟ್ಟಿದ್ದೇನೆ. ಕಾಫಿ ಕೊಯ್ಲು ಶುರುವಾಗುವ ಮೊದಲು ಬಂದು ತಗೊಂಡು ಹೋಗಿ. ಬಂದರೆ ಟೀ ಕುಡಿಯದೆ ಬಿಡುವುದಿಲ್ಲ.