ಹೊಗಳಿಕೆಯ ನಡುವೆ ಪ್ರಶ್ನೆ ಕೇಳಿದವರಿಗೆ

ನಮ್ಮ ಯಜಮಾನರು ಮದ್ಯ ಬಿಟ್ಟು ಈ ಯುಗಾದಿಗೆ ಒಂದು ವರ್ಷ ತುಂಬಿತು. ಅವರ ಒಪ್ಪಿಗೆ ಪಡೆದೇ ಈ ಕೃತಜ್ಞತೆಯ ಮಾತುಗಳನ್ನು ಬರೆಯುತ್ತಿದ್ದೇನೆ.

ತೂಕ ಇಳಿಸಲು ಅವರಿಗೆ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆಯಾದದ್ದು ಬಳಗದವರಿಗೆಲ್ಲ ಗೊತ್ತು. ಸಕ್ಕರೆ ಕಾಯಿಲೆ ಹತೋಟಿಗೆ ಬಂತು, ಹಳೆಯ ಅಂಗಿಗಳು ಜೋಲುಬಿದ್ದವು, ಹೋದಲ್ಲೆಲ್ಲ ಹೊಗಳಿಕೆಯೇ. ಬೀಗರೂಟಕ್ಕೋ ಹೊಸ ವರ್ಷಕ್ಕೋ ಮಾತ್ರ ಇದ್ದ ಕುಡಿತ ದಿನದ ಸಂಜೆಗೆ ಬಂದು ಕುಳಿತದ್ದು ಈ ಹೊಗಳಿಕೆಯ ಎರಡನೆಯ ವರ್ಷದಲ್ಲಿ.

ಅದನ್ನು ಮೊದಲು ಕಂಡುಹಿಡಿದವರು ನಮ್ಮ ಡಯಟೀಷಿಯನ್ ಮೇಡಂ. ಊಟದ ಡೈರಿಯಲ್ಲಿ ರಾತ್ರಿಯ ಕಾಲಂ ವಾರವಿಡೀ ಖಾಲಿಯಿದ್ದುದನ್ನು ಗಮನಿಸಿದ ಅವರು, ಬೆಳಿಗ್ಗೆ ಎಷ್ಟು ಮೊಟ್ಟೆ ತಿಂದಿರಿ ಎಂದು ಕೇಳುವ ಅದೇ ದನಿಯಲ್ಲಿ, "ಸರ್, ಸಂಜೆ ಡ್ರಿಂಕ್ಸ್ ಎಷ್ಟು ತಗೋತೀರಿ?" ಎಂದು ಕೇಳಿದರು. ಆ ದನಿಯಲ್ಲಿ ಆಪಾದನೆ ಇರಲಿಲ್ಲವಾದ್ದರಿಂದಲೇ ಇವರು ನಿಜ ಹೇಳಿದರು. ಶಸ್ತ್ರಚಿಕಿತ್ಸೆಗೆ ಮುನ್ನ ನಮಗೆ ಕೊಟ್ಟಿದ್ದ ಪಟ್ಟಿಯಲ್ಲಿ ಸಿಹಿ, ಸೋಡಾ, ನೋವಿನ ಮಾತ್ರೆಗಳ ಬಗ್ಗೆ ಎಚ್ಚರಿಕೆಯಿತ್ತೇ ಹೊರತು ಮದ್ಯದ ಬಗ್ಗೆ ಒಂದು ಸಾಲೂ ಇರಲಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದ ವೈದ್ಯರಿಗೂ ದಾದಿಯರಿಗೂ ನಾವು ಋಣಿಗಳು. ಬೈಪಾಸ್ ಆದವರ ಹೊಟ್ಟೆಯಲ್ಲಿ ಸುಮಾರು 30 ಮಿಲಿಲೀಟರಿನಷ್ಟು ಪುಟ್ಟ ಚೀಲ ಮಾತ್ರ ಬಳಕೆಯಲ್ಲಿ ಉಳಿದು, ಅದು ನೇರವಾಗಿ ಸಣ್ಣ ಕರುಳಿಗೆ ಸೇರಿರುವುದರಿಂದ, ಕುಡಿದದ್ದು ಅಲ್ಲಿ ನಿಲ್ಲದೆ ಕೆಲವೇ ನಿಮಿಷಗಳಲ್ಲಿ ರಕ್ತಕ್ಕೆ ಇಳಿಯುತ್ತದೆ, ಮೊದಲಿನಷ್ಟೇ ಕುಡಿದರೂ ಅಮಲು ಹೆಚ್ಚುತ್ತದೆ ಮತ್ತು ಇಳಿಯಲು ಹೆಚ್ಚು ಹೊತ್ತು ಬೇಕಾಗುತ್ತದೆ ಎಂದು ಅವರು ಚಿತ್ರ ಬರೆದು ತೋರಿಸಿದರು. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮುನ್ನ ಶೇ 7.6ರಷ್ಟು ಜನರಲ್ಲಿದ್ದ ಮದ್ಯದ ಸಮಸ್ಯೆ ಎರಡನೆಯ ವರ್ಷದಲ್ಲಿ ಶೇ 9.6ಕ್ಕೆ ಏರಿತ್ತು. ಅದೇ ಸಂಶೋಧಕರ 2017ರ ವರದಿಯ ಪ್ರಕಾರ, ಬೈಪಾಸ್ ಆದವರಲ್ಲಿ ಸುಮಾರು ಐವರಿಗೊಬ್ಬರಂತೆ ಐದು ವರ್ಷಗಳೊಳಗೆ ಅದರ ಲಕ್ಷಣಗಳು ಕಾಣಿಸಿಕೊಂಡಿದ್ದವು. "ಮನಸ್ಸು ಗಟ್ಟಿ ಇಲ್ಲ" ಎಂದು ನೆಂಟರಿಂದ ಕೇಳಿ ಕೇಳಿ ಕುಗ್ಗಿದ್ದ ಇವರು ಅಂದು ಮೊದಲ ಬಾರಿಗೆ ತಲೆಯೆತ್ತಿ ಕುಳಿತರು.

ಒಮ್ಮೆಗೇ ಬಿಡಿಸುವುದು ಅಪಾಯವೆಂದು ಅವರು ಇವರನ್ನು ದಾಖಲಿಸಿಕೊಂಡರು. ಊಟ ಕಡಿಮೆ, ವಾಂತಿ, ಮೇಲೆ ಮದ್ಯ. ಇವು ಮೂರೂ ಸೇರಿದರೆ ಬಿ1 ಜೀವಸತ್ವ ಬರಿದಾಗಿ ಮೆದುಳಿಗೇ ಪೆಟ್ಟು ಬೀಳಬಹುದೆಂದು ಥಯಮಿನ್ (ಬಿ1ರ ಇನ್ನೊಂದು ಹೆಸರು) ಚುಚ್ಚುಮದ್ದನ್ನು ಮೊದಲ ದಿನವೇ ಆರಂಭಿಸಿದರು.

ನನ್ನ ಮೈದುನನಿಗೆ ಬೇರೆಯದೇ ಧನ್ಯವಾದ ಸಲ್ಲಬೇಕು. ಮಂಡ್ಯ ಕಡೆಯ ಬೀಗರೂಟವೊಂದರಲ್ಲಿ "ಒಂದು ಪೆಗ್‌ಗೆ ಏನಾಗುತ್ತೆ ಬಾರಯ್ಯ" ಎಂದು ಜನ ಎಳೆಯುತ್ತಿದ್ದಾಗ, ಅವನು ಯಾರೊಡನೆಯೂ ವಾದಕ್ಕಿಳಿಯದೆ ಅಣ್ಣನ ಕೈಗೆ ಸಾರಿನ ಬಕೆಟ್ ಕೊಟ್ಟು ಪಂಕ್ತಿಯಲ್ಲಿ ಬಡಿಸಲು ನಿಲ್ಲಿಸಿದ. ಅಂದಿನಿಂದ ಊಟದ ಮನೆಗಳಲ್ಲಿ ಬಡಿಸುವುದೇ ಇವರ ಪಾಲಿನ ಕೆಲಸವಾಗಿದೆ.

ಇಂಥದೇ ಸ್ಥಿತಿಯಲ್ಲಿರುವ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿಯೆನ್ನದೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೈಪಾಸ್ ಆಗಿರುವ ವಿಷಯವನ್ನು ಮೊದಲೇ ತಿಳಿಸಿರಿ.