ನೊಬೆಲ್ ಬಂದದ್ದು ಉಪವಾಸಕ್ಕಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಉಪವಾಸದ ಬಗ್ಗೆ ಬಂದ ಲೇಖನ ಓದಿದೆ. 16 ಗಂಟೆ ಹೊಟ್ಟೆ ಖಾಲಿ ಬಿಟ್ಟರೆ ಜೀವಕೋಶಗಳು ತಮ್ಮ ಕಸವನ್ನು ತಾವೇ ತಿಂದು ಶುದ್ಧವಾಗುತ್ತವಂತೆ, ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲವಂತೆ, ಇದನ್ನು ಕಂಡುಹಿಡಿದ ಜಪಾನಿನ ವಿಜ್ಞಾನಿಗೆ ನೊಬೆಲ್ಲೇ ಬಂದಿದೆಯಂತೆ. ಇದೇ ಮಾತು ಮೊಬೈಲಿಗೆ ಬಂದರೆ ಸುಮ್ನೆ ಅಳಿಸಿ ಹಾಕುತ್ತೇನೆ. ಪತ್ರಿಕೆಯಲ್ಲಿ ಅಚ್ಚಾದರೆ ಹಾಗೆ ಬಿಡಲು ಮನಸ್ಸು ಬರುವುದಿಲ್ಲ. ಜೀವಶಾಸ್ತ್ರ ಪಾಠ ಮಾಡಿಕೊಂಡು ಬದುಕುವವನು ನಾನು, ಹಾಗಾಗಿ ಸ್ವಲ್ಪ ಉದ್ದವಾದರೆ ಕ್ಷಮಿಸಿ.

ನೊಬೆಲ್ ಬಂದದ್ದು ನಿಜ. 2016ರಲ್ಲಿ, ಯೊಶಿನೊರಿ ಒಸುಮಿ ಅವರಿಗೆ. ಆದರೆ ಅವರು ಉಪವಾಸ ಕೂರಿಸಿದ್ದು ಮನುಷ್ಯರನ್ನಲ್ಲ, ಯೀಸ್ಟನ್ನು. 1988ರಲ್ಲಿ, 43ನೇ ವಯಸ್ಸಿಗೆ, ಅವರು ತಮ್ಮದೇ ಪುಟ್ಟ ಪ್ರಯೋಗಾಲಯ ಶುರು ಮಾಡಿದರು. ಯೀಸ್ಟ್ ಕೋಶದೊಳಗೆ ರಸದಾನಿ ಅಂತ ಒಂದು ದೊಡ್ಡ ಚೀಲ ಇರುತ್ತದೆ. ಹಳೆಯ ಪ್ರೋಟೀನು, ಕೆಟ್ಟುಹೋದ ಬಿಡಿಭಾಗ ಎಲ್ಲವೂ ಅಲ್ಲಿ ಪುಡಿಯಾಗಬೇಕು. ಆದರೆ ಅಲ್ಲಿಗೆ ಬಂದದ್ದು ಕ್ಷಣದಲ್ಲಿ ಕರಗಿ ಹೋಗುವುದರಿಂದ ನೋಡುವುದು ಹೇಗೆ? ಒಸುಮಿ ಪುಡಿ ಮಾಡುವ ಕಿಣ್ವಗಳೇ ಇಲ್ಲದ ಯೀಸ್ಟ್ ತಳಿಯನ್ನು ತಂದರು. ಗಿರಣಿ ನಿಂತಿದೆ, ಮೂಟೆ ಮಾತ್ರ ಬರುತ್ತಲೇ ಇದೆ ಅಂದುಕೊಳ್ಳಿ. ಆಮೇಲೆ ಸಾರಜನಕವಿಲ್ಲದ ದ್ರಾವಣದಲ್ಲಿಟ್ಟು ಅದನ್ನು ಹಸಿವಿಗೆ ದೂಡಿದರು. ಕೆಲವೇ ಗಂಟೆಗಳಲ್ಲಿ ರಸದಾನಿಯ ತುಂಬಾ ಸಣ್ಣ ಸಣ್ಣ ಗುಂಡು ಮಣಿಗಳು ತುಂಬಿಕೊಂಡು ಕುಣಿಯತೊಡಗಿದವು. ಪುಡಿಯಾಗಲು ಬಂದ ಕಸದ ಪೊಟ್ಟಣಗಳೇ ಆ ಮಣಿಗಳು. ಇದನ್ನು ನೋಡಲು ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ, ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಸಾಕಾಯಿತು. ಅದು 1992ರಲ್ಲಿ ಪ್ರಕಟವಾಯಿತು. ಮರುವರ್ಷ, ಸಾವಿರಾರು ರೂಪಾಂತರಿ ಯೀಸ್ಟುಗಳನ್ನು ಜಾಲಾಡಿ ಈ ಕೆಲಸಕ್ಕೆ ಬೇಕಾದ ಸುಮಾರು 15 ಜೀನುಗಳ ಗುರುತು ಹಿಡಿದರು. ನೊಬೆಲ್ ಸಿಕ್ಕಿದ್ದು ಇದಕ್ಕೆ. ಕೋಶ ತನ್ನದೇ ಕಸವನ್ನು ತಿನ್ನುವ ಈ ಕೆಲಸಕ್ಕಿರುವ ಆಟೋಫೇಜಿ ಅನ್ನುವ ಹೆಸರು ಕೂಡ ಅವರದ್ದಲ್ಲ, 1963ರಲ್ಲಿ ಕ್ರಿಶ್ಚಿಯನ್ ಡಿ ಡುವ್ ಅನ್ನುವ ವಿಜ್ಞಾನಿ ಇಟ್ಟದ್ದು.

ಹಾಗಾದರೆ ಹಸಿವಿಗೂ ಆಟೋಫೇಜಿಗೂ ಸಂಬಂಧ ಇಲ್ವಾ ಅಂದರೆ, ಖಂಡಿತ ಇದೆ. ಇಲಿಮರಿ ಹುಟ್ಟಿದ ತಕ್ಷಣ ಹೊಕ್ಕುಳಬಳ್ಳಿಯ ಪೂರೈಕೆ ನಿಂತುಹೋಗುತ್ತದೆ, ಹಾಲು ಇನ್ನೂ ಸರಿಯಾಗಿ ಸಿಕ್ಕಿರುವುದಿಲ್ಲ. ಆ ಕೆಲವು ಗಂಟೆ ಅದರ ಕೋಶಗಳಲ್ಲಿ ಆಟೋಫೇಜಿ ಜೋರಾಗಿ ಏರುತ್ತದೆ, ತನ್ನನ್ನೇ ಚೂರು ತಿಂದು ಮರಿ ಬದುಕಿಕೊಳ್ಳುತ್ತದೆ. ಇದಕ್ಕೆ ಬೇಕಾದ ಒಂದು ಜೀನ್ ತೆಗೆದ ಮರಿಗಳು ಒಂದೇ ದಿನದಲ್ಲಿ ಸತ್ತವು ಅಂತ 2004ರಲ್ಲಿ ತೋರಿಸಿದರು. ಆದರೆ 2006ರ ಪ್ರಯೋಗಗಳನ್ನೂ ನೋಡಬೇಕು. ನರಕೋಶಗಳಲ್ಲಿ ಮಾತ್ರ ಆಟೋಫೇಜಿ ನಿಲ್ಲಿಸಿದ ಇಲಿಗಳು ಹೊಟ್ಟೆ ತುಂಬಾ ತಿಂದುಕೊಂಡಿದ್ದರೂ ಅವುಗಳ ನರಗಳು ಹಾಳಾದವು. ಅಂದರೆ ಈ ಕೆಲಸ ದಿನವಿಡೀ ನಡೆಯುತ್ತಲೇ ಇರುತ್ತದೆ. ನೀವು ಊಟ ಬಿಟ್ಟಾಗ ಮಾತ್ರ ಸ್ವಿಚ್ ಬೀಳುವುದಿಲ್ಲ.

ಇನ್ನು ಆ 16 ಗಂಟೆಯ ಲೆಕ್ಕ. ಒಸುಮಿಯವರ ಕೆಲಸದಲ್ಲಂತೂ ಇಲ್ಲ. ಬದುಕಿರುವ ಮನುಷ್ಯನ ಯಕೃತ್ತಿನಲ್ಲೋ ಮೆದುಳಿನಲ್ಲೋ ಆಟೋಫೇಜಿ ಎಷ್ಟು ನಡೆಯುತ್ತಿದೆ ಅಂತ ಸಕ್ಕರೆ ಪರೀಕ್ಷೆಯ ಹಾಗೆ ಬೆರಳು ಚುಚ್ಚಿ ಹೇಳಲು ಆಗುವುದಿಲ್ಲ. ಲ್ಯಾಬಿನಲ್ಲೇ ಇದು ತಲೆನೋವು. ಕೋಶದಲ್ಲಿ ಮಣಿಗಳು ಜಾಸ್ತಿ ಕಂಡವು ಅಂದುಕೊಳ್ಳಿ. ಕಸ ಚೆನ್ನಾಗಿ ಹೋಗುತ್ತಿರುವುದರಿಂದಲೂ ಇರಬಹುದು, ಮುಂದೆ ದಾರಿ ಕಟ್ಟಿಕೊಂಡಿರುವುದರಿಂದಲೂ ಇರಬಹುದು. ರಸ್ತೆ ತುಂಬಾ ಲಾರಿ ಕಂಡಾಗ ಓಡುತ್ತಿವೆಯೋ ಜಾಮ್ ಆಗಿವೆಯೋ ಅಂತ ಒಂದು ಫೋಟೊ ನೋಡಿ ಹೇಳಲು ಆಗುವುದಿಲ್ಲ, ಅಲ್ವಾ, ಹಾಗೆ. ಇದನ್ನು ಅಳೆಯುವುದು ಹೇಗೆ, ಎಲ್ಲಿ ಮೋಸ ಹೋಗಬಹುದು ಅಂತಲೇ ಈ ಕ್ಷೇತ್ರದವರು 2008ರಿಂದ ದೊಡ್ಡ ದೊಡ್ಡ ಮಾರ್ಗದರ್ಶಿಗಳನ್ನು ಬರೆದುಕೊಂಡು ಬಂದಿದ್ದಾರೆ. ಇಲಿಗಳಲ್ಲೂ ಅಂಗದಿಂದ ಅಂಗಕ್ಕೆ ವೇಗ ಬೇರೆ. ಅದೂ ಅಲ್ಲದೆ ಇಲಿಯನ್ನು ಒಂದು ದಿನ ಹಸಿದಿಟ್ಟರೆ ಅದರ ತೂಕದ ಹತ್ತರಲ್ಲೊಂದು ಪಾಲು ಕರಗಿಬಿಡಬಹುದು. ನಮಗೆ ಒಂದು ದಿನ ಊಟ ಬಿಟ್ಟರೆ ಹಾಗಾಗುತ್ತದಾ?

ಕ್ಯಾನ್ಸರ್ ಮಾತು ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ತಂದದ್ದು. ಗಡ್ಡೆ ಹುಟ್ಟುವ ಮೊದಲು ಆಟೋಫೇಜಿ ಅದನ್ನು ತಡೆಯುವ ಕಡೆ ಇರುತ್ತದೆ ಅನ್ನಲು ಆಧಾರಗಳಿವೆ. ಆದರೆ ಗಡ್ಡೆ ಬೆಳೆದು ನಿಂತ ಮೇಲೆ ಅದರ ಒಳಗಿನ ಕೋಶಗಳಿಗೆ ರಕ್ತ ಸರಿಯಾಗಿ ತಲುಪುವುದಿಲ್ಲ, ಅವು ಹಸಿದಿರುತ್ತವೆ, ಆಗ ಅವೂ ಇದೇ ಆಟೋಫೇಜಿ ಹಿಡಿದು ಬದುಕುಳಿಯುತ್ತವೆ. ಅದಕ್ಕೇ ಕೀಮೋ ಜೊತೆ ಆಟೋಫೇಜಿಯನ್ನು ನಿಲ್ಲಿಸುವ ಔಷಧ ಕೊಟ್ಟು ನೋಡುವ ಪರೀಕ್ಷೆಗಳು ನಡೆದಿವೆ, ಮಲೇರಿಯಾಕ್ಕೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಅದರಲ್ಲಿ ಒಂದು. ನಿಮ್ಮ ಲೇಖನ ಹೇಳಿದ್ದಕ್ಕೆ ಪೂರ್ತಿ ಉಲ್ಟಾ!

ಇದೆಲ್ಲ ಪಂಡಿತರ ಜಗಳ ಅಂತ ಬಿಟ್ಟುಬಿಡಬಹುದಿತ್ತು. ಆದರೆ ನಮ್ಮ ಹತ್ತಿರದ ಸಂಬಂಧಿಕರೊಬ್ಬರು ಇಂಥದ್ದೇ ಬರಹ ಓದಿ, ಬೆಳಿಗ್ಗೆ ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡು, ತಿಂಡಿ ಮಾತ್ರ ಬಿಟ್ಟರು. ಹತ್ತೂವರೆ ಹೊತ್ತಿಗೆ ಕುರ್ಚಿಯಲ್ಲಿ ಬೆವತು, ಕೈ ನಡುಗುತ್ತಾ, ಕೇಳಿದ್ದಕ್ಕೆ ಏನೇನೋ ಉತ್ತರ ಕೊಡುತ್ತಾ ಕೂತಿದ್ದರು. ಗ್ಲೂಕೋಸ್ ಕುಡಿಸಿದ ಮೇಲೆ ಸರಿಹೋದರು. ಆಮೇಲೆ ಅವರು ನನಗೆ ಹೇಳಿದ ಮೊದಲ ಮಾತು, 'ನೊಬೆಲ್ ಬಂದಿದೆ ಅಂತ ಬರೆದಿತ್ತಲ್ಲಪ್ಪಾ.'

ಉಪವಾಸ ಒಳ್ಳೆಯದೋ ಕೆಟ್ಟದ್ದೋ ಅನ್ನುವ ತಕರಾರು ನನ್ನದಲ್ಲ. ಮಾಡುವವರು ಮಾಡಲಿ. ನನ್ನ ತಕರಾರು ಒಂದು ಚೆಂದದ ಕಥೆಯನ್ನು ನೀವು ಎಸೆದುಬಿಟ್ಟಿರಿ ಅಂತ. ಈ ಕ್ಷೇತ್ರದಲ್ಲಿ ಈಗಲೂ ಎಂಥ ಕೆಲಸ ನಡೆಯುತ್ತಿದೆ ಗೊತ್ತಾ? ಕಸವನ್ನು ಸುತ್ತಿ ರಸದಾನಿಗೆ ಒಯ್ಯುವ ಪುಟ್ಟ ಚೀಲಕ್ಕೆ ಎರಡು ಪದರದ ಪೊರೆ ಇದೆ, ಅದು ನೋಡನೋಡುತ್ತಿದ್ದಂತೆ ಬೆಳೆಯುತ್ತದೆ. ಪೊರೆ ಕಟ್ಟಲು ಅಷ್ಟೊಂದು ಕೊಬ್ಬು ಎಲ್ಲಿಂದ ಬರುತ್ತದೆ ಅನ್ನುವುದು ದಶಕಗಳ ಒಗಟು. ಎಟಿಜಿ2 ಅನ್ನುವ ಪ್ರೋಟೀನ್ ಸೇತುವೆಯ ಹಾಗೆ ನಿಂತು ಪಕ್ಕದ ಪೊರೆಯಿಂದ ಕೊಬ್ಬಿನ ಕಣಗಳನ್ನು ದಾಟಿಸುತ್ತದೆ. ಹಾಗೆ ಬಂದದ್ದೆಲ್ಲ ಪೊರೆಯ ಒಂದೇ ಮಗ್ಗುಲಿಗೆ ಸೇರಿಕೊಳ್ಳುತ್ತದೆ. ಅದನ್ನು ಎರಡೂ ಮಗ್ಗುಲಿಗೆ ಹಂಚುವುದು ಎಟಿಜಿ9 ಅಂತ 2020ರಲ್ಲಿ ತಿಳಿಯಿತು. ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ನಿಮ್ಮ ಓದುಗರು ಎತ್ತುವುದಿಲ್ಲ ಅಂತ ಯಾಕೆ ಅಂದುಕೊಂಡಿರಿ?

ತಿದ್ದುಪಡಿ ಹಾಕುವುದಾದರೆ ಒಳಪುಟದ ಮೂಲೆಯಲ್ಲಿ ಎರಡು ಸಾಲು ಬೇಡ. ಅದೇ ಪುರವಣಿ, ಅದೇ ಜಾಗ. ಕಳೆದ ವಾರ ಗಡಿಯಾರದ ಪಕ್ಕ ಖಾಲಿ ತಟ್ಟೆಯ ಚಿತ್ರ ಹಾಕಿದ್ದಿರಿ. ಈ ಸಲ ಮಣಿ ತುಂಬಿದ ಆ ಯೀಸ್ಟಿನ ಫೋಟೊ ಹಾಕಿ.

ಇಂತಿ,
ನಿಮ್ಮ ಹಳೆಯ ಓದುಗ